ಡಯಾಸ್ಟೇಸ್ ಹಾಕಿದರೂ ಬಣ್ಣ ಹೋಗದಿದ್ದಾಗ: ಕಿರು ಲಾಲಾಗ್ರಂಥಿ ಸ್ಲೈಡಿನ ದೋಷ ಹುಡುಕುವ ಬಗೆ

"ಸರ್, ಬಣ್ಣ ಹೋಗವಲ್ದ್ರೀ" ಎನ್ನುತ್ತ ನಮ್ಮ ಟ್ರೇನಿ ಹುಡುಗ ಎರಡು ಸ್ಲೈಡ್ ತಂದು ಮೇಜಿನ ಮೇಲಿಟ್ಟ. ಎರಡರಲ್ಲೂ ಮೇಣದಲ್ಲಿ ಹುದುಗಿಸಿದ ಒಂದೇ ಲಿವರ್ ಬ್ಲಾಕಿನಿಂದ ಕುಯ್ದ ತುಕಡಿ, ಎರಡಕ್ಕೂ ಸಕ್ಕರೆ ತೋರಿಸುವ ಪಿಎಎಸ್ (ಪರ್ಅಯೋಡಿಕ್ ಆಸಿಡ್-ಶಿಫ್) ಬಣ್ಣ. ಒಂದನ್ನು ಬಣ್ಣಕ್ಕೆ ಮೊದಲು, ಜೀವಕೋಶ ಕೂಡಿಟ್ಟ ಸಕ್ಕರೆಯನ್ನು (ಗ್ಲೈಕೋಜನ್) ಕರಗಿಸುವ ಕಿಣ್ವವಾದ ಡಯಾಸ್ಟೇಸ್‌ನಲ್ಲಿ ಇಟ್ಟಿದ್ದ, ಇನ್ನೊಂದನ್ನು ಇಟ್ಟಿರಲಿಲ್ಲ. ಡಯಾಸ್ಟೇಸ್ ಕಂಡದ್ದು ಬಿಳಿಚಿಕೊಂಡಿರಬೇಕು, ಕಾಣದ್ದು ಕಡುಗುಲಾಬಿ ಇರಬೇಕು. ಆ ದಿನ ಎರಡೂ ಕಡುಗುಲಾಬಿಯಾಗಿದ್ದವು. ಯಾವುದು ಯಾವುದೆಂದು ಲೇಬಲ್ ನೋಡಿಯೇ ಹೇಳಬೇಕಿತ್ತು.

ಹುಬ್ಬಳ್ಳಿಯಲ್ಲಿ ಹಿಸ್ಟೋಪೆಥಾಲಜಿ (ಅಂಗಾಂಶ ಪರೀಕ್ಷೆ) ಬೆಂಚಿನ ಮುಂದೆ ಬಹಳ ವರ್ಷ ಕೂತವನು ನಾನು. ಧಾರವಾಡ, ಗದಗ, ಹಾವೇರಿ ಕಡೆಯ ದಂತವೈದ್ಯರು ಕಳಿಸುವ ತುಟಿ, ಕೆನ್ನೆ, ಅಂಗುಳಿನ ತುಕಡಿಗಳು ನಮ್ಮಲ್ಲಿಗೆ ಬರುತ್ತವೆ. ಅಕ್ಕಿಕಾಳಿನಷ್ಟು, ಹೆಚ್ಚೆಂದರೆ ಬಟಾಣಿಯಷ್ಟು ದೊಡ್ಡ ತುಕಡಿ. ಅದರಲ್ಲಿ ಇರುವುದು ಕಿರು ಲಾಲಾಗ್ರಂಥಿ, ಅಂದರೆ ಜೊಲ್ಲು ಸುರಿಸುವ ಪುಟ್ಟ ಗ್ರಂಥಿ. ಈ ಗ್ರಂಥಿಯ ಸ್ಲೈಡ್ ಕೆಟ್ಟಾಗ ದೋಷ ಎಲ್ಲಿದೆಯೆಂದು ಹುಡುಕುವ ದಾರಿಯನ್ನು ಹೊಸದಾಗಿ ಬೆಂಚಿಗೆ ಬಂದವರಿಗಾಗಿ ಬರೆದಿಡುತ್ತಿದ್ದೇನೆ. ಹಿಂದೆ ಹೇಳಿದ ಆ ಒಂದು ಬ್ಯಾಚನ್ನೇ ಹಿಡಿದು ಹೇಳುತ್ತೇನೆ, ಯಾಕೆಂದರೆ ಅದರಲ್ಲಿ ದೋಷ ಇದ್ದದ್ದು ನಾವು ಕೊನೆಗೆ ನೋಡಿದ ಜಾಗದಲ್ಲಿ.

ಈ ದೋಷ ಯಾಕೆ ಸಣ್ಣದಲ್ಲ

ಆ ಬ್ಯಾಚಿನಲ್ಲಿದ್ದದ್ದು ಹಾವೇರಿ ಕಡೆಯ ರೋಗಿಯ ಅಂಗುಳಿನ ಗಂಟು. ಮಾಮೂಲಿ ಬಣ್ಣದಲ್ಲಿ ನೋಡಿದರೆ ಜೀವಕೋಶಗಳ ಒಳಗೆಲ್ಲ ಖಾಲಿ ಖಾಲಿ, ಗಾಜಿನಂತೆ ತಿಳಿ. ಹೀಗೆ ತಿಳಿಯಾಗಿ ಕಾಣುವುದಕ್ಕೆ ಒಳಗೆ ಲೋಳೆ ಇರಬಹುದು, ಗ್ಲೈಕೋಜನ್ ಕೂಡ ಇರಬಹುದು. ಲೋಳೆಯಾದರೆ ವೈದ್ಯರ ಯೋಚನೆ ಮ್ಯೂಕೋಎಪಿಡರ್ಮಾಯ್ಡ್ ಕಾರ್ಸಿನೋಮ ಎಂಬ ಲಾಲಾಗ್ರಂಥಿ ಕ್ಯಾನ್ಸರಿನ ಕಡೆ ಹೋಗುತ್ತದೆ. ಗ್ಲೈಕೋಜನ್ನಾದರೆ ಕ್ಲಿಯರ್ ಸೆಲ್ ಕಾರ್ಸಿನೋಮ ಎಂಬ ಇನ್ನೊಂದು ಕ್ಯಾನ್ಸರಿನ ಕಡೆ, ಇಲ್ಲವೆ ಬೇರೆ ಕಡೆಯಿಂದ ಬಂದು ನೆಲೆಸಿದ ಗಡ್ಡೆಯ ಕಡೆ. ಮುಂದಿನ ತಪಾಸಣೆ, ಶಸ್ತ್ರಚಿಕಿತ್ಸೆ ಎಲ್ಲ ಇದರ ಮೇಲೆ ನಿಲ್ಲುತ್ತದೆ.

ಎರಡನ್ನೂ ಬೇರ್ಪಡಿಸುವ ಉಪಾಯ ಹಳೆಯದು, ಸರಳ. ಪರ್ಅಯೋಡಿಕ್ ಆಮ್ಲ ಸಕ್ಕರೆಯ ಸರಪಳಿಯನ್ನು ಒಡೆದು ಅಲ್ಡಿಹೈಡ್ ಮಾಡುತ್ತದೆ, ಶಿಫ್ ದ್ರಾವಣ ಆ ಅಲ್ಡಿಹೈಡ್ ಹಿಡಿದು ಕಡುಗುಲಾಬಿಯಾಗುತ್ತದೆ. 1946ರಲ್ಲಿ ಮೆಕ್‌ಮೇನಸ್ ಇದನ್ನು ಲೋಳೆ ತೋರಿಸಲು ಬಳಸಿದ. ಲೋಳೆಯಲ್ಲೂ ಸಕ್ಕರೆ ಉಂಟು, ಗ್ಲೈಕೋಜನ್ನಿನಲ್ಲೂ ಉಂಟು, ಹಾಗಾಗಿ ಎರಡೂ ಬಣ್ಣ ಹಿಡಿಯುತ್ತವೆ. ಡಯಾಸ್ಟೇಸ್ ಎಂದರೆ ಅಮೈಲೇಸ್ ಕಿಣ್ವ. ಅದು ಗ್ಲೈಕೋಜನ್ನನ್ನು ತುಂಡು ಮಾಡಿ ನೀರಿಗೆ ಬಿಡುತ್ತದೆ, ಲೋಳೆಯ ಸಕ್ಕರೆಯನ್ನು ಮುಟ್ಟುವುದಿಲ್ಲ. ಡಯಾಸ್ಟೇಸ್ ಆದ ಮೇಲೂ ಉಳಿದದ್ದು ಲೋಳೆ, ಹೋದದ್ದು ಗ್ಲೈಕೋಜನ್.

ಈಗ ಯೋಚಿಸಿ. ಕಿಣ್ವ ಕೆಲಸವನ್ನೇ ಮಾಡದಿದ್ದರೆ ಗ್ಲೈಕೋಜನ್ ಲೋಳೆಯ ವೇಷ ಹಾಕಿಕೊಂಡು ಕೂರುತ್ತದೆ. ರಿಪೋರ್ಟ್ ತಪ್ಪುತ್ತದೆ, ಆ ತಪ್ಪು ಕಾಗದದ ಮೇಲೆ ಅಚ್ಚುಕಟ್ಟಾಗಿಯೇ ಕಾಣುತ್ತದೆ. ಅದಕ್ಕೇ ನನ್ನ ಮೊದಲ ನಿಯಮ: ರೋಗಿಯ ಸ್ಲೈಡನ್ನು ಮೊದಲು ನೋಡಬೇಡಿ. ಕಂಟ್ರೋಲ್ ಲಿವರ್, ಅಂದರೆ ಗ್ಲೈಕೋಜನ್ ಇದೆಯೆಂದು ಗೊತ್ತಿರುವ, ಕಿಣ್ವ ಪರೀಕ್ಷಿಸಲೆಂದೇ ಹಾಕಿದ ಲಿವರ್ ತುಕಡಿ ನೋಡಿ. ಅದು ಬಿಳಿಚಿಕೊಳ್ಳದಿದ್ದರೆ ಆ ಬ್ಯಾಚಿನ ಯಾವ ಸ್ಲೈಡಿಗೂ ಬೆಲೆ ಇಲ್ಲ.

ಲಿವರ್ ಕಂಟ್ರೋಲಿನ ಬಗ್ಗೆ ಒಂದು ಮಾತು. ಕೆಲವು ಕಡೆ ಮಟನ್ ಅಂಗಡಿಯಿಂದ ಮೇಕೆಯ ಲಿವರ್ ತಂದು ಬ್ಲಾಕ್ ಮಾಡಿಕೊಳ್ಳುತ್ತಾರೆ. ತಪ್ಪೇನಿಲ್ಲ, ಆದರೆ ಹಸಿದ ಪ್ರಾಣಿಯ ಲಿವರಿನಲ್ಲಿ ಗ್ಲೈಕೋಜನ್ ಕರಗಿಹೋಗಿರುತ್ತದೆ. ಅಂಥ ಲಿವರ್ ಹಾಕಿದರೆ ಎರಡೂ ಸ್ಲೈಡ್ ಬಿಳಿಚಿಕೊಂಡು, ಕಿಣ್ವ ಚೆನ್ನಾಗಿದೆ ಎಂಬ ಸುಳ್ಳು ನೆಮ್ಮದಿ ಕೊಡುತ್ತವೆ. ಹೊಸ ಬ್ಲಾಕಿನಿಂದ ಡಯಾಸ್ಟೇಸ್ ಇಲ್ಲದೆ ಒಂದು ಸ್ಲೈಡ್ ಮಾಡಿ, ಅದು ಗಾಢವಾಗಿ ಬಣ್ಣ ಹಿಡಿಯಿತೆಂದು ಖಾತ್ರಿಯಾದ ಮೇಲೆಯೇ ಅದನ್ನು ಕಂಟ್ರೋಲ್ ಎಂದು ಕರೆಯಿರಿ.

ಹುಡುಕಾಟ ಶುರು

ಬಣ್ಣದ ದ್ರಾವಣದಿಂದ ಹೊರಟೆವು. ಶಿಫ್ ಕೆಟ್ಟಿದ್ದರೆ ಬಣ್ಣ ಮಂಕಾಗುತ್ತದೆ, ಇಲ್ಲಿ ಹಾಗಾಗಿರಲಿಲ್ಲ. ಆದರೂ ಪರೀಕ್ಷೆ ಒಂದು ನಿಮಿಷದ್ದು: ಗಾಜಿನ ಲೋಟದಲ್ಲಿ ಸ್ವಲ್ಪ ಗಟ್ಟಿ ಫಾರ್ಮಾಲಿನ್ ಹಾಕಿ, ಮೇಲೆ ಶಿಫ್ ನಾಲ್ಕು ಹನಿ ಬಿಡಿ. ತಕ್ಷಣ ಕೆಂಪುನೇರಳೆಯಾದರೆ ದ್ರಾವಣ ಗಟ್ಟಿ. ತಡವಾಗಿ, ನೀಲಿಯ ಕಡೆ ವಾಲಿದರೆ ಚೆಲ್ಲಿ. ನಮ್ಮದು ಕೂಡಲೇ ಕೆಂಪಾಯಿತು.

ಬಣ್ಣ ಎಲ್ಲೆಲ್ಲಿ ಹತ್ತಿದೆ ಎಂಬುದನ್ನೂ ನೋಡಬೇಕು. ನ್ಯೂಕ್ಲಿಯಸ್, ನಾರು, ಖಾಲಿ ಜಾಗ ಎಲ್ಲ ಗುಲಾಬಿಯಾಗಿದ್ದರೆ ದೋಷ ಬೇರೆ: ಫಾರ್ಮಾಲಿನ್ ಬದಲು ಗ್ಲೂಟರಾಲ್ಡಿಹೈಡ್‌ನಲ್ಲಿ ಇಟ್ಟ ತುಕಡಿ, ಅಥವಾ ಶಿಫ್ ಆದ ಮೇಲೆ ತೊಳೆದದ್ದು ಸಾಲದು. ನಮ್ಮೂರಿನಲ್ಲಿ ನಳದ ನೀರು ದಿನಾ ಬರುವುದಿಲ್ಲ, ಡ್ರಮ್ಮಿನಲ್ಲಿ ಹಿಡಿದಿಟ್ಟ ನೀರೇ ಗತಿ. ಹರಿಯುವ ನೀರಿನಲ್ಲಿ 10 ನಿಮಿಷ ಎಂದು ಪುಸ್ತಕ ಹೇಳುತ್ತದೆ. ನೀವು ಬೋಗುಣಿಯ ನೀರನ್ನು ಏಳೆಂಟು ಸಲ ಬದಲಿಸಿ, ಅದೇ ಫಲ ಸಿಗುತ್ತದೆ. ಒಂದೇ ನೀರಿನಲ್ಲಿ ಮುಳುಗಿಸಿ ಚಹಾಕ್ಕೆ ಹೋದರೆ ಸಿಗುವುದಿಲ್ಲ. ನಮ್ಮ ಸ್ಲೈಡಿನಲ್ಲಿ ನ್ಯೂಕ್ಲಿಯಸ್ ನೀಲಿಯಾಗಿಯೇ ಇತ್ತು, ಹಿನ್ನೆಲೆ ತಿಳಿಯಾಗಿತ್ತು. ಅಂದರೆ ಬಣ್ಣ ಸರಿ, ಕಿಣ್ವ ತಪ್ಪು.

ಡಯಾಸ್ಟೇಸ್ ಡಬ್ಬಿ ತೆಗೆಸಿದೆ. ಮಾಲ್ಟಿನ ಪುಡಿ, ಮಳೆಗಾಲದಲ್ಲಿ ಯಾರೋ ಮುಚ್ಚಳ ಸಡಿಲ ಬಿಟ್ಟಿದ್ದರು, ಒಳಗೆ ಬೆಲ್ಲದ ಹಾಗೆ ಗಂಟುಕಟ್ಟಿತ್ತು. ದೋಷ ಸಿಕ್ಕಿತು ಎಂದುಕೊಂಡೆ. ಆಗ ಹುಡುಗ ಮೆಲ್ಲಗೆ ಹೇಳಿದ: "ಪುಡಿ ಗಂಟಾಗಿತ್ತಲ್ರೀ ಸರ್, ಅದಕ್ಕ ನಾ ಹಾಕಲಿಲ್ಲ. ಉಗುಳು ಹಾಕಿದ್ನ್ರೀ."

ಅವನು ಮಾಡಿದ್ದು ಹಳೆಯ ಟೆಕ್ನಿಷಿಯನ್‌ಗಳೆಲ್ಲ ಬಲ್ಲ ದಾರಿ, ನಾನೇ ಯಾವಾಗಲೋ ಹೇಳಿಕೊಟ್ಟದ್ದು. 1831ರಲ್ಲಿ ಲ್ಯೂಕ್ಸ್ ಜೊಲ್ಲು ಪಿಷ್ಟವನ್ನು ಕರಗಿಸುತ್ತದೆಂದು ತೋರಿಸಿದ್ದ, ಎರಡು ವರ್ಷದ ಮೇಲೆ ಪಾಯೆನ್ ಮತ್ತು ಪೆರ್ಸೋಜ್ ಮಾಲ್ಟಿನಿಂದ ಡಯಾಸ್ಟೇಸ್ ಬೇರ್ಪಡಿಸಿದರು. ನಮ್ಮ ಬಾಯಲ್ಲಿ ಇರುವುದೂ ಅದೇ ಕೆಲಸದ ಕಿಣ್ವ. ಪುಡಿ ಇಲ್ಲದ ದಿನ ಸ್ವಂತ ಜೊಲ್ಲು ಶೋಧಿಸಿ, ಸ್ಲೈಡಿನ ಮೇಲೆ ಹಾಕಿ, 37 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟರೆ ಗ್ಲೈಕೋಜನ್ ಹೋಗುತ್ತದೆ. ಹಾಗಿದ್ದರೆ ಇವನದ್ದು ಯಾಕೆ ಹೋಗಲಿಲ್ಲ?

ಶಾಖ ನೋಡಿದೆವು. ಇನ್‌ಕ್ಯುಬೇಟರ್ 37ರಲ್ಲಿತ್ತು. ಆ ಮಧ್ಯಾಹ್ನ ಕರೆಂಟೂ ಹೋಗಿರಲಿಲ್ಲ. ಪಕ್ಕದ ಮೇಣದ ಓವನ್ 60ರಲ್ಲಿರುತ್ತದೆ, ಅವಸರದಲ್ಲಿ ಅಲ್ಲಿಟ್ಟವರೂ ಉಂಟು. ಅಷ್ಟು ಶಾಖಕ್ಕೆ ಈ ಕಿಣ್ವ ಸೋಲುತ್ತದೆ. ಅವನು ಅಲ್ಲಿ ಇಟ್ಟಿರಲಿಲ್ಲ. ಮೇಣ ಪೂರ್ತಿ ಬಿಟ್ಟಿತ್ತೇ ಎಂದು ಸ್ಲೈಡನ್ನು ಬೆಳಕಿಗೆ ಹಿಡಿದೆ, ಬಿಟ್ಟಿತ್ತು. ಎಲೆ-ಅಡಿಕೆ, ಸುಣ್ಣ-ತಂಬಾಕು ಹಾಕುವವರ ಜೊಲ್ಲು ಬೇಡವೇ ಬೇಡ, ಸುಣ್ಣ ಹುಳಿ-ಕ್ಷಾರದ ಲೆಕ್ಕ ಕೆಡಿಸುತ್ತದೆ. ಅವನಿಗೆ ಆ ಚಟ ಇಲ್ಲ. ಊಟವಾದ ಕೂಡಲೇ ತೆಗೆದನೇ? ರೊಟ್ಟಿಯ ಪಿಷ್ಟ ಬಾಯಲ್ಲಿದ್ದರೆ ಕಿಣ್ವ ಅದರ ಹಿಂದೆಯೇ ಬೀಳುತ್ತದೆ. ಇಲ್ಲ, ಬಾಯಿ ಮುಕ್ಕಳಿಸಿದ್ದ.

ಕೊನೆಗೆ ಕೇಳಿದೆ: "ಉಗುಳು ಹೆಂಗ ತಗದಿ?"

ಅವನು ಕೆಳತುಟಿ ಹೊರಕ್ಕೆ ಮಡಿಚಿ ತೋರಿಸಿದ. ಬಾಯಿಯ ಜೊಲ್ಲಿನಲ್ಲಿ ಊಟದ ಚೂರು, ಬ್ಯಾಕ್ಟೀರಿಯಾ, ಉದುರಿದ ಜೀವಕೋಶ ಎಲ್ಲ ಇರುತ್ತವೆ, ಅದು ಸ್ಲೈಡಿನ ಮೇಲೆ ಕೂತು ಗಲೀಜು ಮಾಡುತ್ತದೆ ಎಂದು ಯೋಚಿಸಿ, ದಂತವೈದ್ಯರು ಇಡುವ ಹಾಗೆ ಕೆನ್ನೆಯೊಳಗೆ, ನಾಲಗೆಯಡಿ ಹತ್ತಿ ಒತ್ತಿಕೊಂಡು, ತುಟಿಯ ಮೇಲೆ ಮೂಡುವ ಹನಿಯನ್ನು ಡ್ರಾಪರಿನಿಂದ ಹೀರಿದ್ದ. ಸಾಲದ್ದಕ್ಕೆ ಡಿಸ್ಟಿಲ್ಡ್ ವಾಟರ್ ಸೇರಿಸಿದ್ದ. ಶುದ್ಧವಾದದ್ದನ್ನೇ ಹುಡುಕಿದ್ದ. ಅವನ ಕಾಳಜಿ ಸರಿಯಿತ್ತು, ಗ್ರಂಥಿ ತಪ್ಪಿತ್ತು.

ತುಟಿಯ ಹನಿಯಲ್ಲಿ ಏನಿರುತ್ತದೆ

ನೀವೂ ಮಾಡಿ ನೋಡಿ. ಕಿಟಕಿಯ ಬೆಳಕಿಗೆ ಕನ್ನಡಿ ಹಿಡಿದು ಕೆಳತುಟಿಯನ್ನು ಮಡಿಚಿ, ಒಳಮೈಯನ್ನು ಟಿಶ್ಯೂ ಕಾಗದದಿಂದ ಒರೆಸಿ. ಒಂದರ್ಧ ನಿಮಿಷ ಒಣಗಿದ ಹಾಗೆ ಇರುತ್ತದೆ. ಆಮೇಲೆ ಬೆವರಿನಂತೆ ಸೂಜಿಮೊನೆಯಷ್ಟು ಹನಿ ಒಂದೊಂದಾಗಿ ಏಳುತ್ತವೆ, ಅಲ್ಲೊಂದು ಇಲ್ಲೊಂದು. ಒಂದೊಂದು ಹನಿಯ ಕೆಳಗೆ ಒಂದೊಂದು ಗ್ರಂಥಿಯ ಬಾಯಿ. ನಾಲಗೆಯಿಂದ ಸವರಿದರೆ ತುಟಿಯೊಳಗೆ ರವೆಯಂತೆ ತಡಕುವ ಗಂಟುಗಳೂ ಇವೇ. ಬಾಯಲ್ಲೆಲ್ಲ ಸೇರಿ ಇಂಥವು 600ರಿಂದ 1000. ತುಟಿ, ಕೆನ್ನೆ, ಅಂಗುಳಿನ ಹಿಂಭಾಗ, ನಾಲಗೆ ಎಲ್ಲ ಕಡೆ ಇವೆ. ಒಸಡಿನಲ್ಲಿ ಮತ್ತು ಅಂಗುಳಿನ ಮುಂಭಾಗದಲ್ಲಿ ಇಲ್ಲ. ಕಿವಿಯ ಮುಂದಿನ ಪರೋಟಿಡ್‌ಗೆ ಇರುವಂಥ ದಪ್ಪ ಹೊದಿಕೆ ಇವಕ್ಕಿಲ್ಲ, ನಾರಿನ ನಡುವೆ ಸುಮ್ಮನೆ ಹುದುಗಿರುತ್ತವೆ.

ದಿನದ ಒಟ್ಟು ಜೊಲ್ಲಿನಲ್ಲಿ ಇವುಗಳ ಪಾಲು ಶೇಕಡಾ 10ಕ್ಕಿಂತ ಕಡಿಮೆ. ಆದರೆ ಬಾಯನ್ನು ಜಾರುವಂತೆ ಇಡುವ ಲೋಳೆಯ ಬಹುಪಾಲು ಇವುಗಳದ್ದೇ. ಕಾರಣ ಜೀವಕೋಶದಲ್ಲೇ ಇದೆ. ತುಟಿ, ಕೆನ್ನೆಯ ಗ್ರಂಥಿ ಮಿಶ್ರ, ಆದರೆ ಮೇಲುಗೈ ಲೋಳೆಕೋಶದ್ದು. ಅಂಗುಳಿನದ್ದು ಬರೀ ಲೋಳೆ. ನಾಲಗೆಯ ಹಿಂಬದಿ, ರುಚಿಮೊಗ್ಗು ಹೊತ್ತ ದೊಡ್ಡ ಉಬ್ಬುಗಳ ಸುತ್ತಲಿನ ಕಾಲುವೆಗೆ ಸುರಿಯುವ ಫಾನ್ ಎಬ್ನರ್ ಗ್ರಂಥಿ ಮಾತ್ರ ಪೂರ್ತಿ ಸೀರಸ್, ಅಂದರೆ ನೀರುರಸದ್ದು. ಕೊಬ್ಬು ಒಡೆಯುವ ಲೈಪೇಸ್‌ಗೆ ಹೆಸರಾದದ್ದು ಅದೇ.

ಲೋಳೆಕೋಶವನ್ನು ಸ್ಲೈಡಿನಲ್ಲಿ ಗುರುತಿಸುವುದು ಸುಲಭ: ಮೈಯೆಲ್ಲ ನೊರೆಯಂತೆ ಮಸುಕು, ನ್ಯೂಕ್ಲಿಯಸ್ ತಳಕ್ಕೆ ಒತ್ತಿ ಚಪ್ಪಟೆ. ಅದರೊಳಗಿನ ಸರಕು ಮ್ಯೂಸಿನ್, ಸಕ್ಕರೆ ಹೊತ್ತ ಉದ್ದನೆಯ ಪ್ರೋಟೀನ್. ಪಿಎಎಸ್‌ಗೂ ಬಣ್ಣ ಹಿಡಿಯುತ್ತದೆ, ಆಲ್ಸಿಯನ್ ಬ್ಲೂ ಎಂಬ ನೀಲಿ ಬಣ್ಣಕ್ಕೂ ಹಿಡಿಯುತ್ತದೆ. ಪಿಷ್ಟ ಕರಗಿಸುವ ಕಿಣ್ವ ತಯಾರಿಸುವುದು ಅದರ ಕಸುಬಲ್ಲ. ಸೀರಸ್ ಕೋಶ ತ್ರಿಕೋನ, ದುಂಡು ನ್ಯೂಕ್ಲಿಯಸ್, ಮೇಲ್ಭಾಗದಲ್ಲಿ ಕಿಣ್ವದ ಕಾಳುಗಳು. ತುಟಿಯ ಗ್ರಂಥಿಯಲ್ಲಿ ಇರುವ ಕೆಲವೇ ಸೀರಸ್ ಕೋಶಗಳ ಮುಖ್ಯ ಸರಕು ಕಾವಲಿನದ್ದು: ಬ್ಯಾಕ್ಟೀರಿಯಾದ ಗೋಡೆ ಒಡೆಯುವ ಲೈಸೋಜೈಮ್, ಕಬ್ಬಿಣವನ್ನು ಕಸಿದಿಟ್ಟುಕೊಳ್ಳುವ ಲ್ಯಾಕ್ಟೋಫೆರಿನ್, ಪೆರಾಕ್ಸಿಡೇಸ್. ಅಮೈಲೇಸ್ ತೀರಾ ಕಡಿಮೆ. ಅಮೈಲೇಸಿನ ಕಣಜ ಪರೋಟಿಡ್, ಅದರ ನಂತರ ದವಡೆಯಡಿಯ ಗ್ರಂಥಿ. ಹುಡುಗ ಹತ್ತಿ ಒತ್ತಿ ಮುಚ್ಚಿದ್ದು ಸರಿಯಾಗಿ ಆ ಎರಡರ ಬಾಯನ್ನೇ.

ಡಿಸ್ಟಿಲ್ಡ್ ವಾಟರಿನದ್ದು ಎರಡನೆಯ ತಪ್ಪು. ಅಮೈಲೇಸ್ ಚುರುಕಾಗಲು ಕ್ಲೋರೈಡ್ ಬೇಕು, ಗಟ್ಟಿಯಾಗಿ ನಿಲ್ಲಲು ಕ್ಯಾಲ್ಸಿಯಂ ಬೇಕು. ಬರೀ ನೀರು ಸೇರಿಸಿದಷ್ಟೂ ಎರಡೂ ತೆಳುವಾಗುತ್ತವೆ. ತೆಳು ಮಾಡಲೇಬೇಕಾದರೆ ಸಲೈನ್ ಬಳಸಿ. ಕ್ಯಾಲ್ಸಿಯಂ ಕಿತ್ತುಕೊಳ್ಳುವ ಇಡಿಟಿಎ ಟ್ಯೂಬಿನಲ್ಲಿ ಜೊಲ್ಲು ಹಿಡಿಯಬೇಡಿ. ರಕ್ತದ ಟ್ಯೂಬ್ ಕೈಗೆ ಸಿಕ್ಕಿತೆಂದು ಹಾಗೆ ಮಾಡಿದ್ದನ್ನು ನೋಡಿದ್ದೇನೆ.

ಸ್ಲೈಡ್ ಹಾಳುಮಾಡದೆ ಕಿಣ್ವ ಪರೀಕ್ಷಿಸುವುದು

ರೋಗಿಯ ತುಕಡಿ ಒಂದೇ. ಅದನ್ನು ಕುಯ್ದು ಕುಯ್ದು ಕಿಣ್ವ ಪರೀಕ್ಷೆ ಮಾಡಬಾರದು. ಅಕ್ಕಿ ಗಂಜಿಯ ತಿಳಿ ಸಾಕು. ಅದನ್ನು ನೀರು ಬೆರೆಸಿ ತೆಳು ಮಾಡಿ, ಪೂರ್ತಿ ಆರಿಸಿ. ಗ್ರಾಮ್ ಬಣ್ಣಕ್ಕೆಂದು ಇಟ್ಟ ಅಯೋಡಿನ್ ಎಲ್ಲ ಲ್ಯಾಬಿನಲ್ಲೂ ಇರುತ್ತದೆ. ಬಿಳಿ ಹಂಚಿನ ಮೇಲೆ ಅಯೋಡಿನ್ನಿನ ಹನಿಗಳನ್ನು ಸಾಲಾಗಿ ಇಡಿ. ಟ್ಯೂಬಿನಲ್ಲಿ ಗಂಜಿ ತಿಳಿ ಮತ್ತು ಕಿಣ್ವ ಬೆರೆಸಿ 37 ಡಿಗ್ರಿಯಲ್ಲಿಟ್ಟು, ನಿಮಿಷಕ್ಕೊಮ್ಮೆ ಒಂದು ಹನಿ ತೆಗೆದು ಅಯೋಡಿನ್ನಿಗೆ ಮುಟ್ಟಿಸಿ. ಮೊದಲು ಕಡುನೀಲಿ, ಆಮೇಲೆ ನೇರಳೆ, ಆಮೇಲೆ ಇಟ್ಟಿಗೆಗೆಂಪು, ಕೊನೆಗೆ ಅಯೋಡಿನ್ನಿನ ಹಳದಿಯಷ್ಟೇ ಉಳಿಯುತ್ತದೆ. ಪಿಷ್ಟ ತುಂಡಾಗುತ್ತ ಹೋಗುವುದನ್ನು ಕಣ್ಣಾರೆ ನೋಡುವುದು ಇದು.

ಮೂರು ಟ್ಯೂಬ್ ಮಾಡಿದೆವು. ಒಂದರಲ್ಲಿ ಹುಡುಗನ ತುಟಿಯ ಹನಿ. ಎರಡನೆಯದರಲ್ಲಿ ಸುಮ್ಮನೆ ಕೂತು ಬಾಯಲ್ಲಿ ತುಂಬಿದ ಜೊಲ್ಲು. ಮೂರನೆಯದಕ್ಕೆ ಅವನಿಗೆ ಚಿಟಿಕೆ ಹುಣಸೆಹಣ್ಣು ಚೀಪಿಸಿ, ಉಗುಳಿಸಿ, ಮುಕ್ಕಳಿಸಿ, ಆಮೇಲೆ ಬಂದ ಜೊಲ್ಲು. ಹುಳಿ ಬಿದ್ದರೆ ಪರೋಟಿಡ್ ಜೋರಾಗಿ ಹರಿಯುತ್ತದೆ, ಆ ಜೊಲ್ಲು ತೆಳು, ಕಿಣ್ವ ಹೆಚ್ಚು. ಮುಕ್ಕಳಿಸದೆ ಹಿಡಿದರೆ ಮಾತ್ರ ಹುಣಸೆಯ ಹುಳಿ ಅದರೊಳಗೇ ಉಳಿದು ಕೆಲಸ ಕೆಡಿಸುತ್ತದೆ, ಯಾಕೆಂದರೆ ಈ ಕಿಣ್ವಕ್ಕೆ ಹಿತವಾದ ಪಿಎಚ್ (ಹುಳಿ-ಕ್ಷಾರದ ಅಳತೆ) 6.8ರ ಸುತ್ತಮುತ್ತ.

ಮೂರನೆಯ ಟ್ಯೂಬು ಮೂರನೇ ಹನಿಗೇ ಹಳದಿ. ಎರಡನೆಯದು ಇನ್ನೂ ಸ್ವಲ್ಪ ಹೊತ್ತು ತೆಗೆದುಕೊಂಡಿತು. ತುಟಿಯ ಹನಿಯದ್ದು ಅರ್ಧ ಗಂಟೆಯಾದರೂ ನೀಲಿ ಬಿಡಲಿಲ್ಲ. ಹುಡುಗ ಆ ನೀಲಿ ಸಾಲನ್ನೇ ನೋಡುತ್ತ ಬಹಳ ಹೊತ್ತು ನಿಂತಿದ್ದ. ಎಲ್ಲ ಜನರ ಜೊಲ್ಲೂ ಒಂದೇ ಬಲದ್ದಲ್ಲ ಎಂಬುದನ್ನೂ ಇಲ್ಲಿ ಸೇರಿಸಬೇಕು. ಅಮೈಲೇಸಿನ ಜೀನ್ ಕೆಲವರಲ್ಲಿ ಎರಡೇ ಪ್ರತಿ, ಕೆಲವರಲ್ಲಿ ಹತ್ತಕ್ಕೂ ಹೆಚ್ಚು. ಹಾಗಾಗಿ ಯಾರ ಜೊಲ್ಲು ಬಳಸುತ್ತೀರೋ ಅವರದ್ದನ್ನು ಈ ಗಂಜಿ ಪರೀಕ್ಷೆ ದಾಟಿಸಿಯೇ ಸ್ಲೈಡಿಗೆ ಹಾಕಿ. ಗ್ಲೌಸ್ ಹಾಕಿಕೊಳ್ಳಿ, ಉಳಿದ ಜೊಲ್ಲನ್ನು ಬ್ಲೀಚಿನಲ್ಲಿ ಬಿಡಿ. ಹೊಸ ಪುಡಿ ಬಂದ ದಿನ ಪುಡಿಗೇ ಹಿಂತಿರುಗಿ, ಅದರ ಬಲ ದಿನದಿನಕ್ಕೆ ಬದಲಾಗುವುದಿಲ್ಲ.

ಇದೇ ತುಕಡಿಯ ಬೇರೆ ದೂರುಗಳು

ಹೊಸದಾಗಿ ಕುಯ್ದ ತುಕಡಿ ಓವನ್ನಿನಲ್ಲಿ ಒಣಗುವವರೆಗೆ ಸಮಯವಿತ್ತು. ಈ ಗ್ರಂಥಿಯ ಜೊತೆ ಬರುವ ಉಳಿದ ತೊಂದರೆಗಳನ್ನೂ ಹುಡುಗನಿಗೆ ಹೇಳಿದೆ.

ಸ್ಲೈಡಿನಲ್ಲಿ ಗ್ರಂಥಿಯೇ ಇಲ್ಲ ಎಂಬ ದೂರು ಬಹಳ. ತುಟಿಯ ತುಕಡಿ ಬಾಟಲಿಯಲ್ಲಿ ತಲೆಕೆಳಗಾಗಿ ಸುರುಟಿಕೊಂಡು, ಮೇಣದಲ್ಲಿ ಹೇಗೋ ಕೂತಿರುತ್ತದೆ. ಕೆಲವು ಪದರ ಒಳಗೆ ಕುಯ್ದು ನೋಡುವವರೆಗೆ ಗ್ರಂಥಿ ಇಲ್ಲ ಎಂದು ಬರೆಯಬೇಡಿ. ಕಣ್ಣು-ಬಾಯಿ ಒಣಗುವ ಶೋಗ್ರೆನ್ ಕಾಯಿಲೆಯ ಸಂಶಯದಲ್ಲಿ ಬಂದ ತುಟಿಯಾದರೆ ಗ್ರಂಥಿಯ ಹರವು ಎಣಿಕೆಗೆ ಬರುತ್ತದೆ. ಅಲ್ಲಿ 4 ಚದರ ಮಿಲಿಮೀಟರಿಗೆ 50 ಅಥವಾ ಹೆಚ್ಚು ಲಿಂಫೋಸೈಟ್ (ಒಂದು ಬಗೆಯ ಬಿಳಿ ರಕ್ತಕಣ) ಸೇರಿದ ಗುಂಪುಗಳು ಎಷ್ಟು ಎಂದು ವೈದ್ಯರು ಎಣಿಸುತ್ತಾರೆ. ತುಕಡಿ ಪುಟ್ಟದಾದರೆ ಆ ಲೆಕ್ಕಕ್ಕೆ ಕಾಲೇ ಇಲ್ಲ. ಇಲ್ಲಿ ಇನ್ನೊಂದು ಎಡವಟ್ಟು: ಆರೋಗ್ಯವಂತ ಕಿರುಗ್ರಂಥಿಯಲ್ಲೂ ಪ್ಲಾಸ್ಮಾ ಕೋಶಗಳು ಚದುರಿರುತ್ತವೆ. ಅವು ಐಜಿಎ ಎಂಬ ಆ್ಯಂಟಿಬಾಡಿ ತಯಾರಿಸಿ ಕೊಡುತ್ತವೆ, ಗ್ರಂಥಿಯ ಕೋಶ ಅದನ್ನು ಹೊತ್ತು ಜೊಲ್ಲಿಗೆ ಬಿಡುತ್ತದೆ. ನಾಲ್ಕು ಪ್ಲಾಸ್ಮಾ ಕೋಶ ಕಂಡ ಕೂಡಲೇ ಉರಿಯೂತ ಎಂದು ಚೀಟಿಯಲ್ಲಿ ಗೀಚಬೇಡಿ.

ಕೋಶದ ಅಂಚು ಕರಗಿ, ನ್ಯೂಕ್ಲಿಯಸ್ ಮಸುಕಾಗಿದ್ದರೆ ದೋಷ ಬಸ್ಸಿನಲ್ಲಿದೆ. ತುಕಡಿ ಯಾವ ನೀರಿನಲ್ಲಿ ಬಂತು ಕೇಳಿ. ಸಲೈನಿನಲ್ಲಿ ಗದಗದಿಂದ ಏಪ್ರಿಲ್ ಬಿಸಿಲಿಗೆ ಬಂದದ್ದಾದರೆ ಕೋಶದ ಕಿಣ್ವ ಕೋಶವನ್ನೇ ತಿಂದಿರುತ್ತದೆ. ಗ್ಲೈಕೋಜನ್ನೂ ನೀರಿಗೆ ಹೋಗಿರುತ್ತದೆ, ಆಗ ಡಯಾಸ್ಟೇಸಿನ ಪ್ರಶ್ನೆಗೆ ಅರ್ಥವೇ ಇಲ್ಲ. ಬಫರ್ ಹಾಕಿದ ಶೇಕಡಾ 10ರ ಫಾರ್ಮಾಲಿನ್ ತುಂಬಿದ ಬಾಟಲಿಯನ್ನು ನಾವೇ ಮುಂಚಿತವಾಗಿ ಕಳಿಸಿಕೊಟ್ಟ ಮೇಲೆ ಈ ದೂರು ಕಡಿಮೆಯಾಗಿದೆ.

ಅರ್ಧಚಂದ್ರದ ಬಗ್ಗೆ ಮಾತಾಡದೆ ಇರಲಾರೆ. ಮಿಶ್ರ ಗ್ರಂಥಿಯಲ್ಲಿ ಲೋಳೆಕೋಶಗಳ ಗುಂಪಿನ ತಲೆಯ ಮೇಲೆ ಸೀರಸ್ ಕೋಶಗಳು ಚಂದ್ರನ ಹಾಗೆ ಟೋಪಿ ಹಾಕಿ ಕೂತಿರುತ್ತವೆ, 1865ರಿಂದ ಅದಕ್ಕೆ ಅದನ್ನು ವಿವರಿಸಿದ ಜಾನುಝ್ಝಿಯ ಹೆಸರು. ನಾನೂ ಆ ಚಿತ್ರ ಬರೆದೇ ಪಾಸಾದವನು. ಆದರೆ ತುಕಡಿಯನ್ನು ಕ್ಷಣದಲ್ಲಿ ಹೆಪ್ಪುಗಟ್ಟಿಸಿ ನೋಡಿದಾಗ ಸೀರಸ್ ಕೋಶಗಳು ಟೋಪಿಯಾಗಿರದೆ ಲೋಳೆಕೋಶಗಳ ಸಾಲಿನಲ್ಲೇ, ಅದೇ ನಾಳದ ಕಡೆ ಮುಖಮಾಡಿ ನಿಂತಿದ್ದವು. ನಮ್ಮ ಫಾರ್ಮಾಲಿನ್ನಿನಲ್ಲಿ ಲೋಳೆಯ ಕಾಳುಗಳು ನೀರು ಕುಡಿದು ಉಬ್ಬಿ, ಪಕ್ಕದ ಸೀರಸ್ ಕೋಶವನ್ನು ಹಿಂದಕ್ಕೆ ನೂಕುತ್ತವೆ. ನಾವು ದಿನಾ ನೋಡುವ ಅಂದದ ಚಂದ್ರ ನಮ್ಮ ದ್ರಾವಣವೇ ಮಾಡಿದ ರೂಪ. ಇದನ್ನು ತಿಳಿದ ದಿನದಿಂದ ಯಾವ ಸ್ಲೈಡ್ ನೋಡಿದರೂ, ಇದು ಬಾಯಲ್ಲಿ ಹೀಗೇ ಇತ್ತೇ, ನಾನು ಮಾಡಿದ್ದೇ, ಎಂದು ಒಮ್ಮೆ ಕೇಳಿಕೊಳ್ಳುತ್ತೇನೆ.

ಸಕ್ಸಿನೇಟ್ ಡಿಹೈಡ್ರೊಜಿನೇಸ್‌ನಂಥ ಕಿಣ್ವದ ಬಣ್ಣ ಬರಲಿಲ್ಲ ಎಂದು ಪಿಜಿ ವಿದ್ಯಾರ್ಥಿಗಳು ಬರುತ್ತಾರೆ. ಫಾರ್ಮಾಲಿನ್ ಬ್ಲಾಕಿನಲ್ಲಿ ಅದು ಬರುವುದೇ ಇಲ್ಲ, ಹಸಿ ತುಕಡಿಯನ್ನು ಹೆಪ್ಪುಗಟ್ಟಿಸಿ ಕುಯ್ದ ಫ್ರೋಜನ್ ಸೆಕ್ಷನ್ ಬೇಕು. ಫ್ರೋಜನ್ ಮಾಡಿದರೂ ಪರೋಟಿಡ್ ನೋಡಿದ ಕಣ್ಣಿಗೆ ತುಟಿಯ ಗ್ರಂಥಿ ಮಂಕಾಗಿ ಕಾಣುತ್ತದೆ. ಈ ಕಿಣ್ವ ಇರುವುದು ಕೋಶದ ಶಕ್ತಿಮನೆಯಾದ ಮೈಟೋಕಾಂಡ್ರಿಯಾದಲ್ಲಿ, ಮೈಟೋಕಾಂಡ್ರಿಯಾ ತುಂಬಿದ ಗೆರೆನಾಳಗಳು ಕಿರುಗ್ರಂಥಿಯಲ್ಲಿ ಅಪರೂಪ. ಅದು ದೋಷವಲ್ಲ.

ಆ್ಯಂಟಿಬಾಡಿ ಹಾಕಿ ಕೋಶ ಗುರುತಿಸುವ ಇಮ್ಯುನೊ ಬಣ್ಣದಲ್ಲಿ ಎಲ್ಲೆಡೆ ಕಂದು ಬಂದರೆ? ಗ್ರಂಥಿಯನ್ನು ಬುಟ್ಟಿಯಂತೆ ಅಪ್ಪಿಕೊಂಡ ಮಯೊಎಪಿಥೀಲಿಯಲ್ ಕೋಶ ಹುಡುಕಲು ಪಿ63 ಎಂಬ ಆ್ಯಂಟಿಬಾಡಿ ಹಾಕಿರುತ್ತೇವೆ, ಅದರ ನ್ಯೂಕ್ಲಿಯಸ್ ಮಾತ್ರ ಕಂದಾಗಬೇಕು. ಬಣ್ಣ ತರುವ ಕೆಲಸ ಪೆರಾಕ್ಸಿಡೇಸಿನದ್ದು. ಆ ಕಿಣ್ವ ನಾವು ಹಾಕಿದ್ದಷ್ಟೇ ಅಲ್ಲ, ತುಕಡಿಯೊಳಗೂ ಇದೆ: ಕೆಂಪು ರಕ್ತಕಣದಲ್ಲಿ ಅಂಥದೇ ಕೆಲಸ ನಡೆಯುತ್ತದೆ, ಬಿಳಿ ರಕ್ತಕಣವಾದ ಈಸಿನೋಫಿಲ್‌ನಲ್ಲಿದೆ, ಮೇಲೆ ಹೇಳಿದ ಸೀರಸ್ ಕೋಶದಲ್ಲೂ ಇದೆ. ಆ್ಯಂಟಿಬಾಡಿ ಹಾಕದೆ ಕಂದು ಬಣ್ಣ ಕೊಡುವ ಡಿಎಬಿ ಮಾತ್ರ ಹಾಕಿದ ಒಂದು ಸ್ಲೈಡ್ ಮಾಡಿ. ಅದೂ ಕಂದಾದರೆ ತುಕಡಿಯ ಸ್ವಂತ ಕಿಣ್ವವನ್ನು ಅಡಗಿಸುವ ಶೇಕಡಾ 3ರ ಹೈಡ್ರೊಜನ್ ಪೆರಾಕ್ಸೈಡ್ ಸತ್ತಿದೆ. ಒಂದು ಹನಿ ರಕ್ತದ ಮೇಲೆ ಸುರಿಯಿರಿ, ನೊರೆ ಬುಸ್ಸನೆ ಏಳದಿದ್ದರೆ ಆ ಬಾಟಲಿ ಎಸೆಯಿರಿ.

ಎರಡನೆಯ ಸುತ್ತು

ಮರುದಿನ ಬೆಳಿಗ್ಗೆ ಹುಡುಗ ತಾನೇ ಹುಣಸೆ ಚೀಪಿ, ಮುಕ್ಕಳಿಸಿ, ಜೊಲ್ಲು ಶೋಧಿಸಿ, ಗಂಜಿ ಪರೀಕ್ಷೆ ದಾಟಿಸಿ ತಂದ. ನಾಲ್ಕು ಸ್ಲೈಡ್: ಲಿವರಿನ ಎರಡು, ಅಂಗುಳಿನ ಎರಡು. 37ರಲ್ಲಿ ಅರ್ಧ ಗಂಟೆ, ನಡುವೆ ಒಮ್ಮೆ ಜೊಲ್ಲು ಬದಲಿಸಿದ. ತೊಳೆದು, ಪಿಎಎಸ್ ಮುಗಿಸಿ, ಲಿವರನ್ನು ಮೊದಲು ಇಟ್ಟ. ಡಯಾಸ್ಟೇಸ್ ಇಲ್ಲದ್ದು ಕಡುಗುಲಾಬಿ, ಇದ್ದದ್ದು ಬಿಳಿಚಿಕೊಂಡು ನ್ಯೂಕ್ಲಿಯಸ್ಸಿನ ನೀಲಿಯಷ್ಟೇ ಉಳಿದಿತ್ತು.

ಆಮೇಲೆ ಅಂಗುಳು. ಈ ತುಕಡಿಯ ಅಂಚಿನಲ್ಲಿ ಗಡ್ಡೆಯಿಂದ ದೂರ ಮೂರು ಸಹಜ ಗ್ರಂಥಿಗಳು ಉಳಿದಿದ್ದವು. ಅಂಗುಳಿನ ಗ್ರಂಥಿ ಬರೀ ಲೋಳೆಯದ್ದಾದ್ದರಿಂದ ಇದಕ್ಕಿಂತ ಒಳ್ಳೆಯ ಕಂಟ್ರೋಲ್ ನಾವು ತಂದರೂ ಸಿಗದು: ಅದೇ ರೋಗಿಯದ್ದು, ಅದೇ ಬಾಟಲಿಯದ್ದು, ಅದೇ ಸ್ಲೈಡಿನ ಮೇಲೆ. ಆ ಗ್ರಂಥಿಗಳು ಡಯಾಸ್ಟೇಸ್ ಆದ ಮೇಲೂ ಕಡುಗುಲಾಬಿಯಾಗಿಯೇ ಇದ್ದವು. ಸ್ಲೈಡನ್ನು ಸ್ವಲ್ಪ ಎಡಕ್ಕೆ ಸರಿಸಿದ. ಹಿಂದಿನ ದಿನ ಗುಲಾಬಿ ತುಂಬಿಕೊಂಡಿದ್ದ ಗಡ್ಡೆಯ ತಿಳಿಕೋಶಗಳು ಈಗ ಖಾಲಿ. ಅಲ್ಲೊಂದು ಇಲ್ಲೊಂದು ಚುಕ್ಕೆ ಬಿಟ್ಟರೆ ಏನೂ ಇಲ್ಲ.

"ಗ್ಲೈಕೋಜನ್ ಐತ್ರೀ ಸರ್, ಲೋಳಿ ಅಲ್ಲ" ಅಂದ. ಆ ಮಾತು ಹೇಳಬೇಕಾದವರು ನಾವಲ್ಲ ಎಂದು ನಾಲ್ಕೂ ಸ್ಲೈಡ್ ಟ್ರೇಯಲ್ಲಿಟ್ಟು ರಿಪೋರ್ಟ್ ಬರೆಯುವ ಪೆಥಾಲಜಿಸ್ಟ್ ಮೇಡಂ ಕೋಣೆಗೆ ಕಳಿಸಿದೆ. ಮೊದಲ ದಿನದ ಸ್ಲೈಡುಗಳ ಮೇಲೆ "ಕಂಟ್ರೋಲ್ ಫೇಲ್" ಎಂದು ಬರೆದು ಬೇರೆ ಟ್ರೇಯಲ್ಲಿ ಇಟ್ಟುಕೊಂಡೆವು. ರಿಜಿಸ್ಟರಿನ ಷರಾ ಕಾಲಮ್ಮಿನಲ್ಲಿ ಹುಡುಗ ತನ್ನ ಕೈಯಾರೆ ಬರೆದ: ಮೊದಲ ಸಲ ತುಟಿಯ ಜೊಲ್ಲು, ಎರಡನೇ ಸಲ ಹುಣಸೆ ಚೀಪಿದ ಮೇಲಿನ ಜೊಲ್ಲು, ಗಂಜಿ ಪರೀಕ್ಷೆ ಪಾಸು.